ಗಂಡನ ಹೆಸರು ಕೇಳುವ ಕಂಪ್ಯೂಟರು

ಗುಳೇದಗುಡ್ಡ
ಉರಿ ತಿಂಗಳ ಒಂಬತ್ತು, ಇಸವಿ ಎರಡು ಸಾವಿರದ ನೂರಾ ಅರವತ್ತೆಂಟು

ಬನಶಂಕರವ್ವ ಆಯಿಗೆ,

ಈ ಕಾಗದ ಬರೆಯುವ ಮನಸ್ಸು ನನಗೆ ಎಳ್ಳಷ್ಟೂ ಇಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳನ್ನು ಹಿಡಿದು, ಎಪ್ಪತ್ತು ದಾಟಿದ ಮೇಲೆ ಕೈಯಲ್ಲಿ ಪೆನ್ನು ಕೊಟ್ಟು ಕೂರಿಸಿದ್ದಾರೆ. ಬಾಯಲ್ಲಿ ಹೇಳುತ್ತೇನೆ, ಯಂತ್ರ ಬರೆದುಕೊಳ್ಳಲಿ ಅಂದರೆ ಹಿಂದಂಚೆಯವರು ಒಪ್ಪುವುದಿಲ್ಲ. ಹಿಂದಂಚೆ ಎಂದರೆ ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ಟಪಾಲು. ಮನೆಯ ಹಿರಿಯರೇ ಬರೆಯಬೇಕು, ಕೈಯಿಂದಲೇ ಬರೆಯಬೇಕು, ಅದೂ ಸ್ವಂತ ರಕ್ತಕ್ಕೆ ಮಾತ್ರ, ಇದು ಅವರ ನಿಯಮ. ಮುಟ್ಟುತ್ತದೋ ಇಲ್ಲವೋ ಅಂದರೆ ಭುಜ ಕುಣಿಸುತ್ತಾರೆ. ನನ್ನ ಮಾತು ನಿನಗೆ ವಿಚಿತ್ರ ಕಂಡರೆ ಸಹಿಸಿಕೋ. ಉರಿ ತಿಂಗಳನ್ನು ಚೈತ್ರಕ್ಕೂ ವೈಶಾಖಕ್ಕೂ ನಡುವೆ ಹೊಸದಾಗಿ ಸೇರಿಸಿದ್ದಾರೆ. ಆ ತಿಂಗಳು ಹಗಲಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಅದಕ್ಕಿಂತ ಹೆಚ್ಚಿಗೆ ವಿವರಿಸಲು ನನಗೆ ಆಗುವುದಿಲ್ಲ.

ನಾನು ದಾನವ್ವ. ನೀನು ನನ್ನ ಆಯಿಯ ಆಯಿ, ಅಂದರೆ ಅಜ್ಜಿಯ ಅಜ್ಜಿ. ಈ ಕಾಗದ ಕೈಗೆ ಬಂದಾಗ ನಿನಗೆ ಐವತ್ತೋ ಐವತ್ತೈದೋ ಇರಬಹುದು, ನನಗಿಂತ ಸಣ್ಣವಳು. ಆದರೂ ಹಿರಿಯಳು ನೀನೇ, ಅದಕ್ಕೇ ನಿನ್ನ ಮೇಲೆ ಹರಿಹಾಯುವುದನ್ನು ಸ್ವಲ್ಪ ಕಡಿಮೆ ಮಾಡುತ್ತೇನೆ.

ಊರು ಗುಡ್ಡದ ಬುಡದಲ್ಲೇ ಇದೆ. ಓಣಿಗಳ ಮೇಲೆ ಈ ತುದಿಯಿಂದ ಆ ತುದಿಗೆ ದಪ್ಪ ಬಟ್ಟೆಯ ಚಪ್ಪರ ಕಟ್ಟಿದ್ದೇವೆ. ಉಳಿದ ತಿಂಗಳುಗಳಲ್ಲಿ ಅದರ ನೆರಳಲ್ಲೇ ನೀರು ತರುವುದು, ಜಗಳ ಆಡುವುದು. ಮಧ್ಯಾಹ್ನವೆಲ್ಲ ಮಲಗಿ, ಹೊತ್ತು ಇಳಿದ ಮೇಲೆ ಮಗ್ಗಕ್ಕೆ ಕೂರುತ್ತೇವೆ. ಕುಬಸ ಹೊಲಿಯುವ ಖಣದ ಬಟ್ಟೆ ಇನ್ನೂ ನೇಯುತ್ತೇವೆ. ಆದರೆ ಈಗ ಎರಡು ಥರದ ಮಗ್ಗಗಳಿವೆ. ಸ್ವಂತ ಚಿತ್ತಾರ ಇದ್ದರೆ ಮನೆಮಗ್ಗ, ಅದು ಮನೆಯಲ್ಲೇ ಇರುತ್ತದೆ. ಚಿತ್ತಾರ ಇಲ್ಲದವರ ಮಗ್ಗವನ್ನು ಬಿಚ್ಚಿಕೊಂಡು ಹೋಗಿ ಸಾಲುಮನೆಯಲ್ಲಿ ಕೂರಿಸುತ್ತಾರೆ. ಅಲ್ಲಿ ಎಲ್ಲರೂ ಒಂದೇ ಹೂವು, ಒಂದೇ ಬಣ್ಣ ನೇಯಬೇಕು. ಮಗ್ಗದ ಜೊತೆ ನೇಯುವವರೂ ಹೋಗಬೇಕು. ನಮ್ಮ ಓಣಿಯಲ್ಲಿ ಉಳಿದಿರುವ ಮನೆಮಗ್ಗ ನಮ್ಮದೊಂದೇ. ಅದನ್ನು ನಡೆಸುವವಳು ನನ್ನ ಮೊಮ್ಮಗಳು ಶಾಕಂಬರಿ. ಆ ಮಗ್ಗ ಬಿಟ್ಟರೆ ಅವಳಿಗೆ ಬೇರೆ ಏನೂ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಚಿತ್ತಾರಗಳೆಲ್ಲ ಇರುವುದು ನೀನು ಕೊಂಡ ಕಂಪ್ಯೂಟರಿನಲ್ಲಿ. ಹೊಟ್ಟೆಯೊಳಗಿನದೆಲ್ಲ ಎಷ್ಟೋ ಸಲ ಬದಲಾಗಿ, ತಗಡಿನ ಡಬ್ಬಿ ಮಾತ್ರ ನಿನ್ನ ಕಾಲದ್ದು ಉಳಿದಿದೆ. ಒಳಗಿನ ಬೀಗವೂ ನಿನ್ನದೇ. ಮಗ್ಗ ದಿನಾ ಅದರಿಂದ ಎಳೆ ಕೇಳಿಕೊಂಡು ನೇಯುತ್ತದೆ, ಬೀಗ ತೆಗೆಯುವ ಪ್ರಸಂಗವೇ ಇದುವರೆಗೆ ಬಂದಿರಲಿಲ್ಲ. ಈಗ ಬಂದಿದೆ. ನೀವು ಆಪರೇಟಿಂಗ್ ಸಿಸ್ಟಮ್ ಅಂತಿದ್ದಿರಂತಲ್ಲ, ಅದಕ್ಕೆ ನಾವು ಜೀವಾಳ ಅನ್ನುತ್ತೇವೆ. ಹಳೆಯ ಜೀವಾಳ ತೆಗೆದು ಹೊಸದನ್ನು ಹಾಕಿಸಬೇಕೆಂದು ಆಜ್ಞೆಯಾಗಿದೆ.

ಅದನ್ನು ಹಾಕಲು ಮೌನೇಶ ಅನ್ನುವವನು ಹೊತ್ತು ಮುಳುಗಿದ ಮೇಲೆ ಬಂದ. ಕೆಟ್ಟವನಲ್ಲ, ಬಾಯಿ ಜಾಸ್ತಿ.

"ಆಯಿ, ಉರಿ ತಿಂಗಳು ಮುಗೀತಂದ್ರ ಹಳೇ ಜೀವಾಳದ ಕತಿ ಮುಗೀತು. ಆಮ್ಯಾಲ ಊರುಕೊಂಡಿ ಇದನ್ನ ಮಾತಾಡ್ಸೂದಿಲ್ಲ," ಅಂದ. ಊರುಕೊಂಡಿ ಎಂದರೆ ಊರಿನ ಯಂತ್ರಗಳನ್ನೆಲ್ಲ ಒಂದಕ್ಕೊಂದು ಕಟ್ಟಿರುವ ಜಾಲ.

"ಮಾತಾಡ್ಸದಿದ್ರ ಬಿಡಲಿ. ನಾವೇನ ಅದರ ಕೂಡ ಬೀಗತನ ಮಾಡೂದೈತೇನು?" ಅಂದೆ.

"ಆಯಿ, ನೀ ಸುಮ್ನ ಕೂಡು," ಅಂತ ಶಾಕಂಬರಿ ನನ್ನ ಬಾಯಿ ಮುಚ್ಚಿಸಿದಳು. "ಮಗ್ಗಕ್ಕ ಕರೆಂಟ್ ಬರೂದೂ ಅದರಿಂದನ."

ಹೊಸದಕ್ಕೆ ಚಿತ್ತಾರಗಳನ್ನು ಸಾಗಿಸಬೇಕಾದರೆ ಬೀಗ ತೆಗೆಯಬೇಕು. ತೆಗೆಯಲು ಹೋದರೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ನಿಮ್ಮ ಪತಿಯ ಹೆಸರೇನು? ನನಗೆ ನಗು ಬಂತು. ನಿನ್ನ ಗಂಡನ ಹೆಸರು ಚನ್ನಮಲ್ಲಪ್ಪ ಅಂತ ಬಾಗಿಲ ಮೇಲಿನ ಪಟ್ಟಿಯಲ್ಲೇ ಕೆತ್ತಿದೆ, ದಾರಿಯಲ್ಲಿ ಹೋಗುವವರೂ ಓದಬಹುದು. ಮೌನೇಶ ಒತ್ತಿದ. ಒಲ್ಲೆ ಅಂತು. ಇಂಗ್ಲಿಷ್ ಅಕ್ಷರದಲ್ಲಿ ಒತ್ತಿದ, ಮನೆತನದ ಹೆಸರು ಸೇರಿಸಿ ಒತ್ತಿದ. ಒಲ್ಲೆ ಅಂತು.

"ಇನ್ನ ಒಂದ ಸಲ ಉಳದೈತ್ರಿ. ಅದೂ ತಪ್ಪಿದ್ರ ಒಳಗಿಂದೆಲ್ಲ ಅಳಿಸ್ಕೊಂತೈತಿ," ಅಂದ.

"ಅಳಿಸ್ಕೋ ಅಂತ ಅದಕ್ಕ ಹೇಳ್ದಾವ್ರು ಯಾರು?"

"ನಿಮ್ಮ ಬನಶಂಕರವ್ವ ಆಯಿಯವರ ಹೇಳಿಟ್ಟಾರ್ರಿ. ಚಿತ್ತಾರ ಕಳವಾಗಬಾರ್ದಂತ."

ಅವನು ಹೋದ ಮೇಲೆ ಚಾಪೆಯ ಮೇಲೆ ಬಿದ್ದುಕೊಂಡಿದ್ದಾಗ ನನ್ನ ಆಯಿ ಹೇಳುತ್ತಿದ್ದುದು ನೆನಪಾಯಿತು. ಅವಳು ಸಣ್ಣವಳಿದ್ದಾಗ ನೀನು ಅವಳನ್ನು ರೇಶನ್ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದೆಯಂತೆ. ಅಂಗಡಿಯವನು ಗಂಡನ ಹೆಸರು ಕೇಳಿದರೆ ಸೆರಗು ಬಾಯಿಗೆ ಹಿಡಿದು, "ಏ ಕೂಸ, ನಿಮ್ಮ ಮುತ್ಯಾನ ಹೆಸರ ಹೇಳ," ಅನ್ನುತ್ತಿದ್ದೆಯಂತೆ. ಮದುವೆಮನೆಯಲ್ಲಿ ಹೆಂಗಸರೆಲ್ಲ ಗಂಡನ ಹೆಸರು ಸೇರಿಸಿ ಒಡಪು ಹೇಳುವ ಹೊತ್ತಿಗೆ ನೀನು ನೀರು ತರುವ ನೆಪದಲ್ಲಿ ಅಡುಗೆಮನೆಗೆ ಹೋಗುತ್ತಿದ್ದೆಯಂತೆ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ನಿನ್ನ ನಂಬಿಕೆ. ಬಾಯಿಂದ ಹೇಳದವಳು ಬೆರಳಿಂದ ಒತ್ತಿರುತ್ತಾಳೆಯೇ?

ಹಾಗಾದರೆ ಏನು ಒತ್ತಿದೆ, ಆಯಿ? ಮನೆಯವರು ಅಂತಲೋ, ಯಜಮಾನರು ಅಂತಲೋ, ಹಿರಿಮಗನ ಅಪ್ಪ ಅಂತಲೋ, ಬರೀ ಅವರು ಅಂತಲೋ? ಹುಟ್ಟಿದ ಊರು, ಮೊದಲ ಶಾಲೆ, ಇಂಥ ಬೇರೆ ಪ್ರಶ್ನೆಗಳೂ ಇದ್ದವಂತೆ. ಅವೆಲ್ಲ ಬಿಟ್ಟು ಇದನ್ನೇ ಯಾಕೆ ಆರಿಸಿದೆ? ನಿನ್ನ ಬಾಯಿಂದ ಯಾರೂ ಹೊರಡಿಸಲಾರದ ಮಾತು ಅಂತ ಆರಿಸಿದೆಯೇನು? ನಿಜ, ಯಾರೂ ಹೊರಡಿಸಲಿಲ್ಲ. ನಾನು ನನ್ನ ಗಂಡನನ್ನು ಓಣಿಗೆಲ್ಲ ಕೇಳುವಂತೆ ಹೆಸರು ಹಿಡಿದು ಕೂಗಿದವಳು, ಆ ಹೆಸರು ಹಿಡಿದೇ ಬೈದವಳು. ಅವನು ಎಂಬತ್ತೆರಡು ವರ್ಷ ಬದುಕಿದ. ಇದನ್ನು ನಿನಗೆ ತಿಳಿಸಿದ್ದೇನೆ, ಮನಸ್ಸಿನಲ್ಲಿಟ್ಟುಕೋ.

ನಿನ್ನೆ ಶಾಕಂಬರಿ ನನ್ನ ಕಾಲ ಬಳಿ ಬಂದು ಕೂತಳು. "ಆಯಿ, ನೀ ಹಿರೇಕಿ ಅದಿ. ನಿನಗ ಏನ ತಿಳೀತೈತಿ ಅದನ್ನ ಹೇಳು. ಅದನ್ನ ಒತ್ತತೀನಿ," ಅಂದಳು. ಅಡುಗೆಗೆ ಉಪ್ಪು ಎಷ್ಟು ಅನ್ನುವುದರಿಂದ ಹಿಡಿದು ಯಾರು ಯಾರನ್ನು ಮದುವೆಯಾಗಬೇಕು ಅನ್ನುವುದರವರೆಗೆ ಈ ಮನೆಯಲ್ಲಿ ಹೇಳಿದವಳು ನಾನು. ಇದೊಂದನ್ನು ಮಾತ್ರ ನನ್ನನ್ನು ಕೇಳಬೇಡ ಅಂದೆ. ಇದು ತಪ್ಪಿದರೆ ಅವಳ ಮಗ್ಗ ಹೋಗುತ್ತದೆ. ಸುಮ್ಮನೆ ಕೂತರೂ ಹೋಗುತ್ತದೆ. ಗದರಿಸಲು ಎದುರಿಗೆ ಒಬ್ಬರೂ ಇಲ್ಲ. ಮೌನೇಶನನ್ನು ಗದರಿಸಿದೆ, ಅವನು ಪಾಪ ಚಹಾ ಬಿಟ್ಟು ಎದ್ದುಹೋದ. ಕಂಪ್ಯೂಟರಿಗೂ ಬೈದೆ. ಮತ್ತೆ ಗಂಡನ ಹೆಸರು ಕೇಳಿತು.

ಕಡೆಗೆ ಹಿಂದಂಚೆಯವರೇ ಒಂದು ದಾರಿ ಹೇಳಿದರು. ಕಾಗದ ಹಿಂದಕ್ಕೆ ಹೋಗುತ್ತದೆ, ಮುಂದಕ್ಕೆ ಬರುವುದಿಲ್ಲ. ಉತ್ತರ ಬೇಕಾದರೆ ನಿನ್ನ ಕಾಲದಿಂದ ನಮ್ಮವರೆಗೆ ಉಳಿದು ಬಂದ ವಸ್ತುವಿನ ಮೇಲೆ ನೀನು ಬರೆಯಬೇಕು. ನಿನ್ನ ತವರಿನವರು ಕೊಟ್ಟ ತಾಮ್ರದ ಹಂಡೆ ನಮ್ಮ ಬಚ್ಚಲಲ್ಲಿ ಇನ್ನೂ ಇದೆ. ಪಾತ್ರೆಗಳ ಮೇಲೆ ಹೆಸರು ಹಾಕಿಕೊಡುವವರು ನಿಮ್ಮ ಕಾಲದ ಪಾತ್ರೆ ಅಂಗಡಿಗಳಲ್ಲಿ ಇದ್ದರಂತೆ. ಅವರಿಂದ ಹಂಡೆಯ ಬುಡಕ್ಕೆ ಹಾಕಿಸು. ಗಂಡನ ಹೆಸರು ಬೇಡ, ಅದು ನಮಗೆ ಗೊತ್ತಿದೆ. ಅದರ ಬದಲು ಏನು ಒತ್ತಿದೆಯೋ ಅದನ್ನು ಹಾಕಿಸು. ಅವರ ಎದುರು ಹೇಳಲು ನಾಚಿಕೆಯಾದರೆ ಮೊಳೆ ತಗೊಂಡು ನೀನೇ ಗೀಚು.

ಇವತ್ತು ಬೆಳಿಗ್ಗೆ ಹಂಡೆ ಬೋರಲು ಹಾಕಿ ನೋಡಿದೆವು. ಬುಡ ಬೋಳಾಗಿದೆ. ಶಾಕಂಬರಿ ಬೆರಳಿಂದ ಬುಡವನ್ನೆಲ್ಲ ತಡವಿ ನೋಡಿದಳು. "ಬನಶಂಕರವ್ವ ಆಯಿ ಬರದಿಲ್ಲಂದ್ರ ಕಾಗದ ಮುಟ್ಟೇ ಇಲ್ಲ," ಅಂದಳು. ಕಾಗದ ಇನ್ನೂ ಹಾಕಿಲ್ಲವಲ್ಲ, ಹೇಗೆ ಮುಟ್ಟೀತು ಅಂದೆ. ಅವಳಿಗೆ ಹೇಳಿದ್ದು ಸರಿಯೋ ತಪ್ಪೋ ನನಗೇ ಗೊತ್ತಿಲ್ಲ.

ನಿನಗೆ ಅವಸರವಿಲ್ಲ, ಸಾಯುವುದರೊಳಗೆ ಯಾವತ್ತು ಬರೆದರೂ ನಡೆಯುತ್ತದೆ. ನಮಗೆ ಉರಿ ತಿಂಗಳು ಮುಗಿಯುವುದರೊಳಗೆ ಬೇಕು. ಉತ್ತರ ಕೊಡು.

ದಾನವ್ವ