ಸೂರ್ಯನಿಗಿಂತ ಮುಂಚಿನ ದಿನಗಳು

ಅಪ್ಪಾ,

ಇವತ್ತು ನಮ್ಮ ವಸ್ತುಸಂಗ್ರಹಾಲಯಕ್ಕೆ ನೀವು ಪಾದ್ರಿಯಾಗಿದ್ದ ಚರ್ಚಿನ ಹಿರಿಯರೊಬ್ಬರು ಬಂದಿದ್ದರು. ನನ್ನ ಓದಿನ ವಿಷಯಕ್ಕೆ ನಿಮ್ಮೊಡನೆ ಜಗಳ ಕಾಯ್ದರಲ್ಲ, ಅವರೇ. ಕಲ್ಲಾಗಿಹೋದ ಮೀನಿನ ಮುಂದೆ ನಿಂತು, "ಎಷ್ಟು ಹಳೇದಮ್ಮಾ ಇದು?" ಎಂದರು. ಕೋಟ್ಯಂತರ ವರ್ಷ ಎಂದೆ. ಇನ್ನು ಬೈಬಲಿನ ಆದಿಕಾಂಡ, ಸೃಷ್ಟಿಯ ಕಥೆ, ಶುರುವಾಗುತ್ತದೆ ಎಂದು ಮೈ ಬಿಗಿಹಿಡಿದು ನಿಂತೆ.

ಅವರು ನಕ್ಕುಬಿಟ್ಟರು. "ದೇವರು ಆರೇ ದಿನದಲ್ಲಿ ಲೋಕ ಮಾಡಿದ್ದನ್ನ ನಿಮ್ಮ ಮಗಳು ಸುಳ್ಳು ಮಾಡ್ತಾಳೆ ಅಂತ ಪಾದ್ರಿಗಳನ್ನ ತರಾಟೆಗೆ ತಗೊಂಡಿದ್ದೆ. ನಿಮ್ಮಪ್ಪ ಏನಂದ್ರು ಗೊತ್ತಾ? 'ಸೂರ್ಯ ಹುಟ್ಟಿದ್ದೇ ನಾಲ್ಕನೇ ದಿನ. ಅದಕ್ಕೆ ಮುಂಚಿನ ದಿನಗಳು ಎಷ್ಟುದ್ದ ಇದ್ವೋ ಯಾರಿಗೆ ಗೊತ್ತು? ದೇವರು ಮಾಡಿದ ಅಂತ ನಾನು ಹೇಳ್ತೀನಿ. ಎಷ್ಟು ಕಾಲ ಹಿಡೀತು ಅಂತ ನನ್ನ ಮಗಳು ಹೇಳ್ತಾಳೆ.'"

ಎಂಥ ಮಾತಪ್ಪಾ! ಗ್ರಂಥವನ್ನೂ ಬಿಡಲಿಲ್ಲ, ಮಗಳನ್ನೂ ಬಿಟ್ಟುಕೊಡಲಿಲ್ಲ. ನೀವಿದ್ದಷ್ಟು ದಿನ ನಾವಿಬ್ಬರೂ ಊಟಕ್ಕೆ ಕೂತರೆ ಬಿಸಿಲು ಮಳೆಯ ಮಾತಷ್ಟೇ ಆಡಿದೆವು. ಇಲ್ಲಿಗೊಮ್ಮೆ ಬನ್ನಿ ಎಂದು ನಾನು ಕರೆಯಲಿಲ್ಲ, ನೀವೂ ಬರಲಿಲ್ಲ.

ಹೊರಡುವಾಗ ಹಿರಿಯರು, "ಇದನ್ನೆಲ್ಲ ನೋಡಿ ನಿಮ್ಮಪ್ಪ ಏನಂದ್ರಮ್ಮಾ?" ಎಂದು ಕೇಳಿದರು.

"ಆ ಮೀನಿನ ಮುಂದೆ ತುಂಬ ಹೊತ್ತು ನಿಂತಿದ್ರು" ಎಂದು ಸುಳ್ಳು ಹೇಳಿದೆ.