ಗೇಮಿನಲ್ಲಿ ಕಟ್ಟಿದ ಮನೆ

ಹೌನ್ಸ್ಲೋ, ಲಂಡನ್, 2004

ಅಪ್ಪಾ,

ನೀವು ತೀರಿಕೊಂಡು ಎರಡು ವರ್ಷವಾದರೂ ನಿಮ್ಮ ಜೊತೆಗಿನ ಜಗಳ ಮುಗಿದಿಲ್ಲ. ಇವತ್ತು ಮಗಳು ಮಾಳವಿಕಾ ಕಂಪ್ಯೂಟರ್ ಗೇಮ್ ತಯಾರಿಸುವ ಸಾಫ್ಟ್‌ವೇರ್ ತೋರಿಸಿದಳು. ಅದರಲ್ಲಿ ನಾನೊಂದು ಮನೆ ಕಟ್ಟಿದೆ. ನಾಲ್ಕು ಗೋಡೆ ನಿಲ್ಲಿಸಿ, ಪೂರ್ವಕ್ಕೆ ಕಿಟಕಿ ಇಟ್ಟು, ಚಾವಣಿ ಹೊದಿಸಿದೆ.

"ಅಮ್ಮಾ, ಯು ಶುಡ್ ಹ್ಯಾವ್ ಬೀನ್ ಆ್ಯನ್ ಆರ್ಕಿಟೆಕ್ಟ್," ಎಂದಳು.

ಆರ್ಕಿಟೆಕ್ಚರ್ ಕಾಲೇಜಿಗೆ ನಾನು ತುಂಬಿದ್ದ ಅರ್ಜಿಯನ್ನು ಅಂದು ನೀವು ನನ್ನೆದುರೇ ಹರಿದು, "ಮನೆ ಕಟ್ಟೋದೆಲ್ಲ ಹೆಣ್ಣುಮಕ್ಕಳಿಗೆ ಹೇಳಿಸಿದ್ದಲ್ಲಮ್ಮ, ಡಾಕ್ಟರಾಗು" ಎಂದಿರಿ. ಆದೆ. ಇಪ್ಪತ್ತು ವರ್ಷದಿಂದ ಊರವರ ಕೆಮ್ಮು ಕೇಳುತ್ತಿದ್ದೇನೆ. ತಪ್ಪಾಯಿತೆಂದು ನೀವು ಒಮ್ಮೆಯೂ ಹೇಳಲಿಲ್ಲ.

"ವೇರ್ ಆರ್ ದ ಸ್ಟೆಪ್ಸ್?" ಎಂದಳು ಮಗಳು. ಬಾಗಿಲಿಗೆ ನಾನು ಮೆಟ್ಟಿಲಿಟ್ಟಿರಲಿಲ್ಲ, ಇಳಿಜಾರು ಮಾಡಿದ್ದೆ. ಕೊನೆಗಾಲದಲ್ಲಿ ನಿಮಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲವೆಂಬುದು ನನ್ನ ಕೈಗೆ ನೆನಪಿತ್ತು. ಅದಕ್ಕೆ ನಿಮ್ಮ ಮೇಲೆ ಇನ್ನಷ್ಟು ಸಿಟ್ಟು ಬಂತು.