ಆಧಾರ್ ನಂಬರಿನ ಮೇಲೆ ಹೆಬ್ಬೆರಳು

ಪ್ರೀತಿಯ ಅಪ್ಪಾ,

ನೀನಿಲ್ಲದಿದ್ದರೂ ಇದನ್ನು ಮೊದಲು ನಿನಗೇ ಹೇಳಬೇಕು. ಮಾಗನೂರಿನ ಈ ಹೊಸ ಸೊಸೆಗೆ ಇವತ್ತು ಖುಷಿ ತಡೆಯಲಾಗುತ್ತಿಲ್ಲ!

ನಾಳೆ ನಾದಿನಿಯ ಮಗಳು ಹನ್ವಿಕಾಳ ಮೊದಲ ಹುಟ್ಟುಹಬ್ಬ. ಮೈಲಾರನಿಗೆ ಮುಡಿ ಕೊಟ್ಟು ಅವಳ ತಲೆ ಈಗ ಬೋಳು. ಗುಂಗುರು ಕೂದಲಿನ ಚಂದದ ಫೋಟೊ ಇರುವುದು ಆಧಾರ್ ಕಾರ್ಡಿನಲ್ಲಿ ಮಾತ್ರ. ಅತ್ತೆ ಆ ಕಾರ್ಡನ್ನೇ ಮಕ್ತಲಿನ ಫ್ಲೆಕ್ಸ್ ಅಂಗಡಿಗೂ ಬಂಧುಗಳ ವಾಟ್ಸ್ಯಾಪ್ ಗ್ರೂಪಿಗೂ ಕಳಿಸಲು ಹೊರಟರು.

"ಅತ್ತೀ, ನಂಬರ್ ಕಾಣಾಕತ್ತೈತ್ರೀ. ಪಾಪುನ ಹೆಸರಿನ್ಯಾಗ ಯಾರಾರ ಸಿಮ್ ತಗೊಂಡು ಮೋಸ ಮಾಡಿದ್ರ?"

"ಮಾತು ಬರದ ಕೂಸಿನ ಹೆಸರು ಯಾವ ಕಳ್ಳಗ ಬೇಕವ್ವಾ, ಇಂಗ್ಲಿಷ್ ಸೊಸೀ?"

"ಮಾತು ಬರಂಗಿಲ್ಲಂತನ ಬೇಕ್ರೀ! ದೊಡ್ಡಾಕಿ ಆಗೂತನ ಯಾರಿಗೂ ಗೊತ್ತಾಗಂಗಿಲ್ಲ."

ಆಗ ನೀನು ಕಣ್ಣ ಮುಂದೆ ಬಂದೆ. ನಾರಾಯಣಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಯಾರಿಗೂ ಕಾಣದಂತೆ ನನ್ನ ಕಾರ್ಡಿನ ನಂಬರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ನಿಲ್ಲುತ್ತಿದ್ದೆಯಲ್ಲ! "ನನ್ ಮಗಳ ನಂಬರ್ ಊರಿಗೆ ಯಾಕ್ರೀ?" ಅನ್ನುತ್ತಿದ್ದೆ. ಗೆಳತಿಯರು ನಗುತ್ತಿದ್ದರು. ನಾನು ನಾಚಿಕೆಪಟ್ಟು ಅಂಗಡಿಯಿಂದ ಆಚೆ ಸರಿದು ನಿಲ್ಲುತ್ತಿದ್ದೆ.

ಇವತ್ತು ನನ್ನ ಮದರಂಗಿಯ ಹೆಬ್ಬೆರಳಿನಿಂದ ನಂಬರ್ ಮುಚ್ಚಿ ಫೋಟೊ ತೆಗೆದೆ. ಅತ್ತೆ ಅದನ್ನೇ ಕಳಿಸಿದರು. ಸಂಜೆ ಫ್ಲೆಕ್ಸ್ ಬಂತು. ಅಂಗಡಿಯವನು ಫೋಟೊ ಕತ್ತರಿಸದೆ ಹಾಗೇ ದೊಡ್ಡದು ಮಾಡಿಬಿಟ್ಟಿದ್ದ. ಹನ್ವಿಕಾಳ ಗಲ್ಲದ ಕೆಳಗೆ ಬದನೆಕಾಯಿಯಷ್ಟು ದಪ್ಪದ ನನ್ನ ಹೆಬ್ಬೆರಳು!

ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ಥ್ಯಾಂಕ್ಯೂ ಅಪ್ಪಾ, ಸಾವಿರ ಸಲ ಥ್ಯಾಂಕ್ಯೂ. ಈ ಸಲ ನಾನು ಆಚೆ ಸರಿಯಲಿಲ್ಲ.

ನಿನ್ನ ಝಾನ್ಸಿ